ಫೈಬರ್ ಮೇಲೆ ಆರ್‌ಎಫ್: ಲೆಕ್ಕದಲ್ಲಿ 29 ಡಿಬಿ ನಾಯ್ಸ್ ಫಿಗರ್, ಬೆಂಚ್ ಮೇಲೆ 36. ಹೆಚ್ಚಿನ 7 ಡಿಬಿ ಎಲ್ಲಿಂದ ಬಂತು?

ನಾರಿನನಂಟು · ಸೋಮವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮೈಕ್ರೋವೇವ್ (ಆರ್‌ಎಫ್, ಅಂದರೆ ರೇಡಿಯೋ ಅಲೆಯ) ಸಿಗ್ನಲ್ ಅನ್ನು ಬೆಳಕಿನ ಮೇಲೆ ಹತ್ತಿಸಿ, ಫೈಬರ್‌ನಲ್ಲಿ ಕಳಿಸಿ, ಆಚೆ ತುದಿಯಲ್ಲಿ ಮತ್ತೆ ಇಳಿಸಿಕೊಳ್ಳುವ ಅನಲಾಗ್ ಲಿಂಕ್ ನನ್ನ ಕೆಲಸ. ಇಲ್ಲಿ ಒಂದು-ಸೊನ್ನೆಯ ಮಾತಿಲ್ಲ. ಅಲೆ ಹೇಗೆ ಬಂತೋ ಹಾಗೇ ಆಚೆ ಹೋಗಬೇಕು.

ಬೆಂಚ್ ಮೇಲಿರುವುದು ಇಷ್ಟು. 1550 ನ್ಯಾನೋಮೀಟರ್ ಡಿಎಫ್‌ಬಿ ಲೇಸರ್, 18 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ). ಮುಂದೆ ಲಿಥಿಯಂ ನಿಯೋಬೇಟ್‌ನ ಮಾಕ್-ಜೆಂಡರ್ ಮಾಡ್ಯುಲೇಟರ್, ಸಿಗ್ನಲ್ ಅನ್ನು ಬೆಳಕಿಗೆ ಹತ್ತಿಸುವುದು ಇದೇ. ಅದರ ವಿ-ಪೈ (ಬೆಳಕನ್ನು ಪೂರ್ತಿಯಿಂದ ಕತ್ತಲೆಗೆ ತರುವ ವೋಲ್ಟೇಜ್) 5 ವೋಲ್ಟ್, ಲಾಸ್ 4 ಡಿಬಿ, ಬಯಾಸ್ (ಸದಾ ಕೊಟ್ಟಿರುವ ಡಿಸಿ ವೋಲ್ಟೇಜ್) ಕ್ವಾಡ್ರೇಚರ್‌ನಲ್ಲಿ, ಅಂದರೆ ಅರ್ಧ ಬೆಳಕು ದಾಟುವ ಕಡೆ. ಆಮೇಲೆ 100 ಮೀಟರ್ ಫೈಬರ್. ಕೊನೆಗೆ ಫೋಟೋಡಯೋಡ್, ಒಂದು ವ್ಯಾಟ್‌ಗೆ 0.8 ಆಂಪ್. ಲೇಸರ್‌ನ ರಿನ್, ಅಂದರೆ ಅದರ ಬೆಳಕಿನ ಸ್ವಂತ ಏರಿಳಿತ, ಡೇಟಾಶೀಟ್ ಪ್ರಕಾರ ಹರ್ಟ್ಸ್‌ಗೆ ಮೈನಸ್ 165 ಡಿಬಿ.

ಲೆಕ್ಕ ಹಾಕಿದರೆ 10 ಮಿಲಿಆಂಪ್ ಕರೆಂಟ್ ಬರಬೇಕು. ಲಿಂಕ್ ಗೇನ್ ಮೈನಸ್ 10 ಡಿಬಿ, ಔಟ್‌ಪುಟ್ ನಾಯ್ಸ್ ಹರ್ಟ್ಸ್‌ಗೆ ಮೈನಸ್ 155 ಡಿಬಿಎಂ, ನಾಯ್ಸ್ ಫಿಗರ್ (ಲಿಂಕ್ ತಾನೇ ಸೇರಿಸುವ ನಾಯ್ಸ್‌ನ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 29.

ನನಗೆ ಸಿಕ್ಕಿದ್ದು 7 ಮಿಲಿಆಂಪ್. ಗೇನ್ ಮೈನಸ್ 13. ನಾಯ್ಸ್ 1 ಗಿಗಾಹರ್ಟ್ಸ್ ಹತ್ತಿರ ಸರಾಸರಿ ಮೈನಸ್ 151. ನಾಯ್ಸ್ ಫಿಗರ್ 36.

ಇದರ ಜೊತೆಗೆ ಇನ್ನೊಂದು ಕಾಟ. 10 ಡಿಬಿಎಂ ಟೋನ್ ಕೊಟ್ಟರೆ ಬೆಳಿಗ್ಗೆ ಎರಡನೇ ಹಾರ್ಮೋನಿಕ್ (ಎರಡರಷ್ಟು ಆವರ್ತನದಲ್ಲಿ ಹುಟ್ಟುವ ಕಸ) ಮೂಲ ಸಿಗ್ನಲ್‌ಗಿಂತ 51 ಡಿಬಿ ಕೆಳಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ 37ಕ್ಕೆ ಬಂದು ನಿಲ್ಲುತ್ತದೆ. ನಾನು ಊಟಕ್ಕೆ ಹೋದಾಗ ಯಾರೋ ಬಂದು ತಿರುಗಿಸಿದ ಹಾಗೆ.

ರಿನ್ ಇನ್ನೂ ಕಡಿಮೆ ಇರುವ ಲೇಸರ್ ತರಿಸೋಣ ಅನ್ನುತ್ತಿದ್ದಾರೆ ಗೈಡ್. ಲಕ್ಷಗಳ ವ್ಯವಹಾರ, ಬರುವುದಕ್ಕೆ ನಾಲ್ಕೈದು ತಿಂಗಳು. ತರಿಸುವುದು ಸರಿಯೇ?


ಹಳೇರಡಾರ್ · ಸೋಮವಾರ ರಾತ್ರಿ

ಸದ್ಯಕ್ಕೆ ಏನೂ ತರಿಸಬೇಡಿ ಮೇಡಂ. ಮೊದಲು ಯಾವ ನಾಯ್ಸ್ ನಿಮ್ಮನ್ನು ಕಾಡುತ್ತಿದೆ ಅಂತ ಗೊತ್ತಾಗಲಿ.

ಗೇನ್ ಕಥೆ ಸುಲಭ. 10 ಮಿಲಿಆಂಪ್ ಬದಲು 7 ಬಂದಿದೆ ಅಂದರೆ ಬೆಳಕು 1.5 ಡಿಬಿ ಸೋರಿದೆ. ಫೋಟೋಡಯೋಡ್ ಬೆಳಕಿನ ಪವರ್ ಅನ್ನು ಕರೆಂಟ್ ಮಾಡುತ್ತದೆ, ಆರ್‌ಎಫ್ ಪವರ್ ಆ ಕರೆಂಟಿನ ವರ್ಗ. ಹಾಗಾಗಿ ಬೆಳಕಿನ 1 ಡಿಬಿ ಆರ್‌ಎಫ್‌ನಲ್ಲಿ 2 ಡಿಬಿ. ನಿಮ್ಮ 3 ಡಿಬಿ ಅಲ್ಲಿಗೆ ಸರಿಹೋಯಿತು. ಈ ಒಂದಕ್ಕೆರಡರ ಲೆಕ್ಕದಲ್ಲಿ ಎಡವದವರು ಈ ಕೆಲಸಕ್ಕೆ ಬಂದೇ ಇಲ್ಲ.

ಈಗ ನಾಯ್ಸ್. ಮೂರು ಜನ ಇದ್ದಾರೆ. ಒಂದು ಥರ್ಮಲ್, ಮೈನಸ್ 174. ಬೆಳಕು ಇದ್ದರೂ ಇಲ್ಲದಿದ್ದರೂ ಅದು ಅಷ್ಟೇ. ಎರಡನೆಯದು ಶಾಟ್ ನಾಯ್ಸ್. ತಗಡಿನ ಮೇಲೆ ಮಳೆ ಬಿದ್ದ ಹಾಗೆ, ಫೋಟಾನ್‌ಗಳು ಹನಿಹನಿಯಾಗಿ ಬೀಳುವುದರಿಂದಲೇ ಬರುವ ಸದ್ದು. ಮೂರನೆಯದು ರಿನ್. ಪಕ್ಕದ ತೋಟದವರು ಮೋಟಾರ್ ಹಾಕಿದಾಗ ನಿಮ್ಮ ಮನೆ ಬಲ್ಬ್ ಮಿನುಗುತ್ತದಲ್ಲ, ಆ ಜಾತಿ.

ಮೂರನ್ನೂ ಬಿಡಿಸುವ ಉಪಾಯ ಇದೆ. ಫೋಟೋಡಯೋಡ್ ಮುಂದೆ ಒಂದು ಆಪ್ಟಿಕಲ್ ಅಟೆನ್ಯುಯೇಟರ್ ಇಡಿ. ಬೆಳಕನ್ನು 3 ಡಿಬಿ ಇಳಿಸಿ. ನಾಯ್ಸ್ ಅಲ್ಲಾಡದಿದ್ದರೆ ಥರ್ಮಲ್. 3 ಡಿಬಿ ಇಳಿದರೆ ಶಾಟ್. 6 ಡಿಬಿ ಇಳಿದರೆ ರಿನ್.

ಮತ್ತೆ, ಅಳೆಯುವ ಸ್ಪೆಕ್ಟ್ರಮ್ ಅನಲೈಸರ್‌ನ ಸ್ವಂತ ನಾಯ್ಸ್ ಎಷ್ಟಿದೆ ಅಂತ ನೋಡಿದ್ದೀರಾ? ಪ್ರೀಆಂಪ್ ಇಲ್ಲದ ಅನಲೈಸರ್ ತಾನೇ ಮೈನಸ್ 150ರ ಆಸುಪಾಸಿನಲ್ಲಿ ಕೂತಿರುತ್ತದೆ. ಎಷ್ಟೋ ಜನ ತಮ್ಮ ಲಿಂಕ್ ಬಿಟ್ಟು ಅನಲೈಸರ್ ಅಳೆದು ಬರುತ್ತಾರೆ.


ಮಲೆನಾಡಮಳೆ · ಸೋಮವಾರ ರಾತ್ರಿ

ಇಷ್ಟೆಲ್ಲ ಯಾಕೆ? ಮಾಡ್ಯುಲೇಟರ್ ಮುಂದೆ ಒಂದು ಒಳ್ಳೆಯ ಎಲ್‌ಎನ್‌ಎ (ಲೋ ನಾಯ್ಸ್ ಆಂಪ್ಲಿಫೈಯರ್) ಹಾಕಿ. 30 ಡಿಬಿ ಗೇನ್, 2 ಡಿಬಿ ನಾಯ್ಸ್ ಫಿಗರ್. ಮುಗಿಯಿತಲ್ಲ.


ಹಳೇರಡಾರ್ · ಮಂಗಳವಾರ ಬೆಳಿಗ್ಗೆ

ಮುಗಿಯಲಿಲ್ಲ ಗುರುಗಳೇ. ಲೆಕ್ಕ ಹಾಕೋಣ ಬನ್ನಿ.

ಲಿಂಕ್ ಸರಿ ಮಾಡಿದ ಮೇಲೆ ನಾಯ್ಸ್ ಫಿಗರ್ 30 ಇದೆ ಅಂದುಕೊಳ್ಳಿ. 5 ವೋಲ್ಟ್ ವಿ-ಪೈ ಇರುವ ಮಾಡ್ಯುಲೇಟರ್‌ನ ಇನ್‌ಪುಟ್ ಮೂರನೇ ದರ್ಜೆ ಇಂಟರ್‌ಸೆಪ್ಟ್ (ಮೂರನೇ ದರ್ಜೆಯ ಕಸ, ಅಂದರೆ ಡಿಸ್ಟಾರ್ಶನ್, ಲೆಕ್ಕದಲ್ಲಿ ಸಿಗ್ನಲ್‌ಗೆ ಸಮವಾಗುವ ಮಟ್ಟ) ಸುಮಾರು 23 ಡಿಬಿಎಂ. 23ರಿಂದ 30 ಕಳೆದು, 174 ಕೂಡಿಸಿ, ಮೂರರಲ್ಲಿ ಎರಡು ಪಾಲು ತೆಗೆದರೆ ಎಸ್‌ಎಫ್‌ಡಿಆರ್ (ನಾಯ್ಸ್‌ಗಿಂತ ಮೇಲೆ, ಡಿಸ್ಟಾರ್ಶನ್ ಕಾಣುವ ಮುನ್ನ ಸಿಗುವ ಜಾಗ) 111 ಡಿಬಿ. ಇದು 1 ಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೆ.

ನೀವು ಹೇಳಿದ ಎಲ್‌ಎನ್‌ಎ ಹಾಕಿ. ಒಟ್ಟು ನಾಯ್ಸ್ ಫಿಗರ್ 4ಕ್ಕೆ ಇಳಿಯುತ್ತದೆ. ಒಪ್ಪಿದೆ, ಭೇಷ್. ಆದರೆ ಮಾಡ್ಯುಲೇಟರ್‌ಗೆ ಸಿಗ್ನಲ್ 30 ಡಿಬಿ ಜಾಸ್ತಿ ಹೋಗುತ್ತಿದೆಯಲ್ಲ, ಇಂಟರ್‌ಸೆಪ್ಟ್ ಮೈನಸ್ 7ಕ್ಕೆ ಬಿತ್ತು. ಎಸ್‌ಎಫ್‌ಡಿಆರ್ 108.6. ಮೊದಲಿಗಿಂತ ಸುಮಾರು 3 ಡಿಬಿ ಕಮ್ಮಿ. ಸಣ್ಣ ಸಿಗ್ನಲ್ ಕೇಳಿಸುತ್ತದೆ, ಪಕ್ಕದಲ್ಲಿ ದೊಡ್ಡದೊಂದು ಕೂಗಿದರೆ ಎಲ್ಲ ಕಲಸುಮೇಲೋಗರ. ರಡಾರ್ ರಿಸೀವರ್‌ನಲ್ಲಿ ಆ ಎರಡೂ ಒಟ್ಟಿಗೇ ಬರುತ್ತವೆ.

ಎಲ್‌ಎನ್‌ಎ ಬೇಡ ಅನ್ನುತ್ತಿಲ್ಲ. ಲಿಂಕಿನ ರೋಗ ಇದ್ದಲ್ಲೇ ಇರುತ್ತದೆ, ಅದು ಮುಚ್ಚಿಡುತ್ತದೆ ಅಷ್ಟೇ.


ಮಲೆನಾಡಮಳೆ · ಮಂಗಳವಾರ ಬೆಳಿಗ್ಗೆ

ಒಪ್ಪಿದೆ ಸರ್. ಒಂದು ತಕರಾರು ಮಾತ್ರ. ಈ 1 ಹರ್ಟ್ಸ್ ಲೆಕ್ಕ ಪೇಪರ್‌ನಲ್ಲಿ ನೋಡಲು ಚೆಂದ. 10 ಮೆಗಾಹರ್ಟ್ಸ್ ಅಗಲದ ನಿಜವಾದ ಸಿಗ್ನಲ್‌ಗೆ ಅದರಲ್ಲಿ 46.7 ಡಿಬಿ ಕಳೆಯಬೇಕು. 111 ಅಂತ ಬೀಗುತ್ತಿದ್ದದ್ದು 64 ಆಗುತ್ತದೆ. ಪೇಪರ್ ಬರೆಯುವವರು ಇದನ್ನು ಮೊದಲ ಪುಟದಲ್ಲಿ ಯಾಕೆ ಹೇಳುವುದಿಲ್ಲ ಅನ್ನುವುದು ನನ್ನ ಹಳೇ ಪ್ರಶ್ನೆ.


ನಾರಿನನಂಟು · ಮಂಗಳವಾರ ಸಂಜೆ

ಹಳೇರಡಾರ್ ಸರ್, ಮಾಡಿ ನೋಡಿದೆ. ಅನಲೈಸರ್ ಮುಂದೆ ಲೋ ನಾಯ್ಸ್ ಆಂಪ್ ಇತ್ತು. ಲೇಸರ್ ಆರಿಸಿ ಅಳೆದದ್ದನ್ನು ಕಳೆದಿದ್ದೇನೆ. ಅದರಲ್ಲಿ ತಪ್ಪಿಲ್ಲ.

ಬೆಳಕು 3 ಡಿಬಿ ಇಳಿಸಿದರೆ ನಾಯ್ಸ್ 5.4 ಡಿಬಿ ಇಳಿಯಿತು. ಅಂದರೆ ಬಹುಪಾಲು ರಿನ್. ಹಿಂದಕ್ಕೆ ಲೆಕ್ಕ ಹಾಕಿದರೆ ರಿನ್ ಮೈನಸ್ 155.6 ಬರುತ್ತದೆ. ಡೇಟಾಶೀಟ್‌ಗಿಂತ 9 ಡಿಬಿ ಮೇಲೆ! ಲೇಸರ್ ಕೆಟ್ಟಿದೆಯಾ?

ಇನ್ನೊಂದು ವಿಚಿತ್ರ. ನಾಯ್ಸ್ ಫ್ಲೋರ್ ಸಪಾಟಾಗಿಲ್ಲ. 2 ಗಿಗಾಹರ್ಟ್ಸ್‌ಗಿಂತ ಕೆಳಗೆ ಜೂಮ್ ಮಾಡಿದರೆ ಹೆಂಚಿನ ಸಾಲಿನ ಹಾಗೆ ಏರಿಳಿತ ಕಾಣುತ್ತದೆ. ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ 51 ಮೆಗಾಹರ್ಟ್ಸ್. ತಗ್ಗಿನಲ್ಲಿ ನಾಯ್ಸ್ ಮೈನಸ್ 157ರವರೆಗೂ ಇಳಿಯುತ್ತದೆ.


ಕೇಬಲ್‌ಅಣ್ಣ_ದಾವಣಗೆರೆ · ಮಂಗಳವಾರ ರಾತ್ರಿ

ನಾನು ಎಂಜಿನಿಯರ್ ಅಲ್ಲ ತಂಗಿ. ಕೇಬಲ್ ಟಿವಿ ನಡೆಸುವವನು. ಅನಲಾಗ್ ಕಾಲದಿಂದ ಇದ್ದೇನೆ, 2013ರಲ್ಲಿ ಬೆಂಗಳೂರು ಮೈಸೂರಿಗೆ ಡಿಜಿಟಲ್ ಬಂದ ಮೇಲೂ ನಮ್ಮ ಕಡೆ ಇನ್ನೂ ಕೆಲವು ವರ್ಷ ಅನಲಾಗೇ ಓಡುತ್ತಿತ್ತು. ನೀವು ಹೇಳುವ ಆರ್‌ಎಫ್ ಆನ್ ಫೈಬರ್ ನಮಗೆ ದಿನದ ಅನ್ನ. ಹೆಡ್‌ಎಂಡ್‌ನಲ್ಲಿ ಟ್ರಾನ್ಸ್‌ಮಿಟರ್, ಬೀದಿಯಲ್ಲಿ ನೋಡ್. ಅಷ್ಟೇ ತಾನೇ?

ನಮ್ಮ ಹತ್ತಿರ ಸ್ಪೆಕ್ಟ್ರಮ್ ಅನಲೈಸರ್ ಇರಲಿಲ್ಲ. ಮನೆಯವರ ಟಿವಿಯೇ ಅನಲೈಸರ್. ಪರದೆ ಮೇಲೆ ಓರೆ ಗೆರೆ ಹರಿದಾಡಿದರೆ ಸಿಎಸ್‌ಒ, ಅಂದರೆ ಎರಡನೇ ದರ್ಜೆಯ ಡಿಸ್ಟಾರ್ಶನ್. ಅಡ್ಡಡ್ಡ ಗೀರು ಬಿದ್ದರೆ ಸಿಟಿಬಿ, ಮೂರನೇ ದರ್ಜೆ. ಬರೀ ಉಪ್ಪಿಟ್ಟು ರವೆ ಚೆಲ್ಲಿದ ಹಾಗಿದ್ದರೆ ಬೆಳಕು ಸಾಲದು. ಗೆರೆ ಬಂದಾಗ ಹುಡುಗರು ಲೆವೆಲ್ ಏರಿಸಲು ಓಡುತ್ತಿದ್ದರು, ನಾನು ಬೈಯುತ್ತಿದ್ದೆ. ಏರಿಸಿದಷ್ಟೂ ಗೆರೆ ಜಾಸ್ತಿ, ಇಳಿಸಿದರೆ ರವೆ ಜಾಸ್ತಿ. ನಡುವೆ ಒಂದು ಜಾಗ ಹುಡುಕಬೇಕು.

ನಿಮ್ಮದರಲ್ಲಿ ಬೆಳಕೂ ಸೋರಿದೆ, ನಾಯ್ಸೂ ಏರಿದೆ. ಎರಡೂ ಒಟ್ಟಿಗೆ ಆದರೆ ನಾನು ಮೊದಲು ನೋಡುವುದು ಕನೆಕ್ಟರ್. ಹಸಿರಿಗೆ ನೀಲಿ ಚುಚ್ಚಿದ್ದೀರಾ ನೋಡಿ. ಹಸಿರಿನ ಮೂತಿ 8 ಡಿಗ್ರಿ ಓರೆ, ನೀಲಿಯದು ನೇರ. ಚುಚ್ಚಿದರೆ ಒಳಗೆ ಹೋಗುತ್ತದೆ, ಟಕ್ ಅನ್ನುತ್ತದೆ, ಎಲ್ಲ ಸರಿ ಅನಿಸುತ್ತದೆ. ಒಳಗೆ ಗಾಳಿ ಸಂದು ಉಳಿದಿರುತ್ತದೆ. ಅಲ್ಲಿ ಬೆಳಕು ಸೋರುತ್ತದೆ, ಸ್ವಲ್ಪ ವಾಪಸ್ಸೂ ಹೊಡೆಯುತ್ತದೆ.


ಹಳೇರಡಾರ್ · ಮಂಗಳವಾರ ರಾತ್ರಿ

ಅಣ್ಣನ ಮಾತಿಗೆ ನನ್ನ ಓಟು. ಆ 51 ಮೆಗಾಹರ್ಟ್ಸ್ ಎಲ್ಲಿ ಹುಡುಕಬೇಕು ಅಂತಲೂ ಹೇಳುತ್ತಿದೆ.

ಎರಡು ಕಡೆ ಪ್ರತಿಫಲನ ಇದ್ದರೆ ಸ್ವಲ್ಪ ಬೆಳಕು ಆ ಎರಡರ ನಡುವೆ ಒಂದು ಸುತ್ತು ಹೊಡೆದು, ತಡವಾಗಿ ಬಂದು ಮುಖ್ಯ ಬೆಳಕಿಗೆ ಸೇರಿಕೊಳ್ಳುತ್ತದೆ. ಲೇಸರ್‌ನ ಫೇಸ್ (ಅಲೆಯ ಹೆಜ್ಜೆ) ಸದಾ ನಡುಗುತ್ತಿರುತ್ತದೆ. ಸುಮ್ಮನೆ ಹೋದರೆ ಫೋಟೋಡಯೋಡ್‌ಗೆ ಆ ನಡುಕ ಕಾಣುವುದಿಲ್ಲ. ತಡವಾಗಿ ಬಂದ ತನ್ನದೇ ನೆರಳಿನ ಜೊತೆ ಬೆರೆತರೆ ನಡುಕವೇ ಏರಿಳಿತವಾಗಿ ಕಾಣುತ್ತದೆ. ಲೇಸರ್ ಪಾಪ, ಅದರ ತಪ್ಪೇನಿಲ್ಲ.

ತಗ್ಗುಗಳ ನಡುವಿನ ಅಂತರ ಅಂದರೆ ಬೆಳಕಿನ ವೇಗವನ್ನು ಫೈಬರ್‌ನ ಇಂಡೆಕ್ಸ್ ಮತ್ತು ಉದ್ದದ ಎರಡರಷ್ಟರಿಂದ ಭಾಗಿಸಿದ್ದು. ಇಂಡೆಕ್ಸ್ 1.468 ಇಟ್ಟುಕೊಂಡು 51 ಮೆಗಾಹರ್ಟ್ಸ್ ಹಾಕಿ. ಉದ್ದ 2 ಮೀಟರ್ ಬರುತ್ತದೆ.

ಮೇಡಂ, ನಿಮ್ಮ ಬೆಂಚ್ ಮೇಲೆ 2 ಮೀಟರ್ ಪ್ಯಾಚ್ ಕಾರ್ಡ್ ಎಲ್ಲಿದೆ?


ನಾರಿನನಂಟು · ಬುಧವಾರ ಬೆಳಿಗ್ಗೆ

ಲೇಸರ್‌ಗೂ ಮಾಡ್ಯುಲೇಟರ್‌ಗೂ ನಡುವೆ! ಓದಿದ ತಕ್ಷಣ ತಿಂಡಿ ಬಿಟ್ಟು ಲ್ಯಾಬ್‌ಗೆ ಓಡಿದೆ.

ಮಾಡ್ಯುಲೇಟರ್‌ನ ಪಿಗ್‌ಟೇಲ್ (ಅದರಿಂದ ಹೊರಬಂದ ಫೈಬರ್) ತುದಿ ನೀಲಿ. ಅದಕ್ಕೆ ಹಸಿರು ಕಾರ್ಡ್ ಹಾಕಿತ್ತು. ಹಾಕಿದವಳು ನಾನೇ, ನಾಲ್ಕು ತಿಂಗಳ ಹಿಂದೆ. ಆಚೆ ತುದಿಯನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೋರ್ ಪಕ್ಕದಲ್ಲೇ ಒಂದು ಅರ್ಧಚಂದ್ರದ ಎಣ್ಣೆ ಕಲೆ. ಬೆರಳಿನದ್ದೇ ಇರಬೇಕು.

ಎರಡೂ ಕಡೆ ಸರಿಯಾದ ತುದಿ ಇರುವ ಪೋಲರೈಸೇಶನ್ ಕಾಯುವ ಕಾರ್ಡ್ ಹಾಕಿ, ಒರೆಸಿ, ಮತ್ತೆ ನೋಡಿ, ಮತ್ತೆ ಒರೆಸಿ ಜೋಡಿಸಿದೆ. ಈಗ 9.6 ಮಿಲಿಆಂಪ್. ಗೇನ್ ಮೈನಸ್ 10.4. ಹೆಂಚಿನ ಸಾಲು ಮಾಯ. ನಾಯ್ಸ್ ಮೈನಸ್ 154.5. ನಾಯ್ಸ್ ಫಿಗರ್ 30ಕ್ಕೆ ಒಂದು ಕೂದಲು ಕಡಿಮೆ.

ಲಕ್ಷಗಳ ಲೇಸರ್ ಬದಲು ಒಂದು ಪ್ಯಾಚ್ ಕಾರ್ಡ್. ಗೈಡ್ ಮುಖ ನೋಡಬೇಕಿತ್ತು. ಕೇಬಲ್ ಅಣ್ಣಾ, ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ನನ್ನ ಕಡೆಯಿಂದ.


ಕೇಬಲ್‌ಅಣ್ಣ_ದಾವಣಗೆರೆ · ಬುಧವಾರ ಬೆಳಿಗ್ಗೆ

ಊರು ನಮ್ಮದು, ದೋಸೆ ನಾವೇ ಕೊಡಿಸಬೇಕು ತಂಗಿ.


ಬಿಟ್‌ಬೈರಿಗೌಡ · ಬುಧವಾರ ಮಧ್ಯಾಹ್ನ

ಎಲ್ಲ ಓದಿದೆ, ಮಜಾ ಬಂತು. ಆದರೆ ಒಂದು ಮೂಲಭೂತ ಪ್ರಶ್ನೆ. ಈ ಕಾಲದಲ್ಲಿ ಅನಲಾಗ್ ಯಾಕೆ? ಆಂಟೆನಾ ಬುಡದಲ್ಲೇ ಎಡಿಸಿ (ಅನಲಾಗ್ ಅಲೆಯನ್ನು ಅಂಕಿ ಮಾಡುವ ಚಿಪ್) ಇಟ್ಟು ಡಿಜಿಟಲ್ ಮಾಡಿ ಕಳಿಸಿದರೆ ಡಿಸ್ಟಾರ್ಶನ್ನೂ ಇಲ್ಲ, ನಾಯ್ಸೂ ಇಲ್ಲ. ಹಳೇ ಎತ್ತಿನ ಗಾಡಿಗೆ ಹೊಸ ಟೈರ್ ಹಾಕುತ್ತಿದ್ದೀರಿ ಅನಿಸುತ್ತದೆ.


ಪುಣೆಕನ್ನಡತಿ · ಬುಧವಾರ ಸಂಜೆ

ಗೌಡ್ರೇ, ನಮ್ಮ ಪುಣೆ ಕಡೆಯ ಎತ್ತಿನ ಗಾಡಿಯೊಂದನ್ನು ತೋರಿಸುತ್ತೇನೆ ಬನ್ನಿ.

ಪುಣೆಯಿಂದ ನಾಸಿಕ್ ದಾರಿಯಲ್ಲಿ ನಾರಾಯಣಗಾಂವ್ ಸಿಗುತ್ತದೆ. ಅದರ ಹತ್ತಿರ ಖೋಡದ್. ಅಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇದೆ. ಒಂದೊಂದೂ 45 ಮೀಟರ್ ಅಗಲದ 30 ಡಿಶ್‌ಗಳು. 14 ನಡುವೆ ಗುಂಪಾಗಿ, ಮಿಕ್ಕ 16 ಇಂಗ್ಲಿಷ್ ವೈ ಆಕಾರದಲ್ಲಿ ಚಾಚಿಕೊಂಡಿವೆ. ಈ ತುದಿಯಿಂದ ಆ ತುದಿಗೆ ಸುಮಾರು 25 ಕಿಲೋಮೀಟರ್. ಪ್ರತಿ ಡಿಶ್‌ನಿಂದ ಸಿಗ್ನಲ್ ನಡುವಿನ ಕಟ್ಟಡಕ್ಕೆ ಬರುವುದು ಫೈಬರ್‌ನಲ್ಲಿ, ಅನಲಾಗ್ ಆಗಿಯೇ. ಮೇಲ್ದರ್ಜೆಗೇರಿಸಿದಾಗಲೂ ಅನಲಾಗ್ ಬಿಡಲಿಲ್ಲ. ಒಂದೇ ಫೈಬರ್‌ನಲ್ಲಿ ಬೇರೆ ಬೇರೆ ತರಂಗಾಂತರದ ಲೇಸರ್ ಹಾಕಿ ಅಗಲದ ಬ್ಯಾಂಡ್ ತಂದರು. ಎಡಿಸಿಗಳೆಲ್ಲ ನಡುವಿನ ಕಟ್ಟಡದಲ್ಲಿ.

ಯಾಕೆ? ಎಡಿಸಿ ಅಂದರೆ ಗಡಿಯಾರ, ಸ್ವಿಚಿಂಗ್, ಡಿಜಿಟಲ್ ಗಲಾಟೆ. ಡಿಶ್ ಹುಡುಕುತ್ತಿರುವುದು ಆಕಾಶದ ಅತಿ ಸಣ್ಣ ಪಿಸುಮಾತು. ಕಿವಿಯ ಪಕ್ಕದಲ್ಲೇ ಮಿಕ್ಸಿ ಓಡಿಸಿದ ಹಾಗಾಗುತ್ತದೆ. ಒಳ್ಳೆಯ ಕವಚ ಹಾಕಿ ಡಿಶ್‌ನಲ್ಲೇ ಡಿಜಿಟಲ್ ಮಾಡುವವರೂ ಇದ್ದಾರೆ, ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ಹಾಗೆ ಮಾಡುತ್ತದೆ. ಅದು ಅದರದ್ದೇ ಖರ್ಚು, ಅದರದ್ದೇ ತಲೆನೋವು. ಎಲ್ಲ ಎಡಿಸಿ ಒಂದೇ ಕೋಣೆಯಲ್ಲಿದ್ದರೆ ಒಂದೇ ಗಡಿಯಾರ ಸಾಕು.

ಕೋಯಾಕ್ಸ್‌ನಲ್ಲಿ ತರಬಹುದಿತ್ತು ಅನ್ನಬೇಡಿ. 1 ಗಿಗಾಹರ್ಟ್ಸ್‌ನಲ್ಲಿ 1 ಸೆಂಟಿಮೀಟರ್ ದಪ್ಪದ ಮಾಮೂಲಿ ಕೋಯಾಕ್ಸ್ ಕೂಡ 100 ಮೀಟರಿಗೆ 10 ಡಿಬಿಗಿಂತ ಜಾಸ್ತಿ ನುಂಗುತ್ತದೆ. ಫೈಬರ್ ಕಿಲೋಮೀಟರಿಗೆ ಸುಮಾರು 0.2.

ಡಿಸ್ಟಾರ್ಶನ್ ವಿಷಯಕ್ಕೆ ಬಂದರೆ, ಅಲ್ಲಿನ ಬ್ಯಾಂಡ್‌ಗಳನ್ನೇ ನೋಡಿ. 550ರಿಂದ 850 ಮೆಗಾಹರ್ಟ್ಸ್ ಒಂದು ಬ್ಯಾಂಡ್. ಅದರ ಎರಡನೇ ಹಾರ್ಮೋನಿಕ್ 1100ರಿಂದ ಶುರು. ಬ್ಯಾಂಡ್ ಆಚೆ ಬಿತ್ತು, ಫಿಲ್ಟರ್ ಹಾಕಿ ಮರೆತುಬಿಡಬಹುದು. ಆದರೆ 120ರಿಂದ 250ರ ಬ್ಯಾಂಡ್ ಒಂದು ಆಕ್ಟೇವ್‌ಗಿಂತ (ಆವರ್ತನ ಎರಡರಷ್ಟಾಗುವ ಅಗಲಕ್ಕಿಂತ) ಸ್ವಲ್ಪ ಜಾಸ್ತಿ. ಸಾಲದ್ದಕ್ಕೆ ಎಫ್‌ಎಂ ರೇಡಿಯೋ ಕೂತಿರುವುದು 88ರಿಂದ 108ರಲ್ಲಿ. ಅದರ ಎರಡರಷ್ಟು 176ರಿಂದ 216, ಸರಿಯಾಗಿ ಬ್ಯಾಂಡ್ ನಡುಮನೆಗೇ ಬರುತ್ತದೆ. ಎಫ್‌ಎಂ ಅನ್ನು ಲೇಸರ್‌ಗೆ ಮುಟ್ಟುವ ಮೊದಲೇ ಫಿಲ್ಟರ್‌ನಲ್ಲಿ ತಡೆಯಬೇಕು. ಲಿಂಕ್ ದಾಟಿದ ಮೇಲೆ ಯಾವುದು ಆಕಾಶದ್ದು, ಯಾವುದು ಹಾಡಿನದ್ದು ಅಂತ ಬೇರೆ ಮಾಡಲು ಆಗುವುದಿಲ್ಲ.


ಬಿಟ್‌ಬೈರಿಗೌಡ · ಬುಧವಾರ ರಾತ್ರಿ

ಸರಿ, ಗಾಡಿಗೆ ಕೈ ಮುಗಿದೆ. ಮಿಕ್ಸಿ ಉದಾಹರಣೆ ಚೆನ್ನಾಗಿತ್ತು. ಆದರೂ ಐದು-ಹತ್ತು ವರ್ಷದಲ್ಲಿ ಎಡಿಸಿ ಗೆಲ್ಲುತ್ತದೆ ಅಂತ ನನ್ನ ಪಂದ್ಯ.


ಹಳೇರಡಾರ್ · ಗುರುವಾರ ಬೆಳಿಗ್ಗೆ

ಇಪ್ಪತ್ತು ವರ್ಷದಿಂದ ಇದೇ ಪಂದ್ಯ ಕೇಳುತ್ತಿದ್ದೇನೆ.

ಮೇಡಂ, ನಿಮ್ಮ ಮಧ್ಯಾಹ್ನದ ಭೂತದ ವಿಷಯ. ಮಾಕ್-ಜೆಂಡರ್ ಕ್ವಾಡ್ರೇಚರ್‌ನಲ್ಲಿ ಕೂತಾಗ ಎರಡನೇ ದರ್ಜೆಯ ಡಿಸ್ಟಾರ್ಶನ್ ಸೊನ್ನೆ. ಸೈನ್ ಅಲೆಯ ನಟ್ಟನಡುವಿನ ಇಳಿಜಾರು ಅದು, ಎರಡೂ ಕಡೆ ಸಮ. ಸ್ವಲ್ಪ ಜಾರಿದರೂ ಸಮತೆ ಹೋಯಿತು. ನೀವು 10 ಡಿಬಿಎಂ ಕೊಡುತ್ತಿದ್ದೀರಿ, ಅಂದರೆ 1 ವೋಲ್ಟ್ ಪೀಕ್. 1 ಡಿಗ್ರಿ ಜಾರಿದರೆ ಹಾರ್ಮೋನಿಕ್ 51 ಡಿಬಿ ಕೆಳಗೆ. 5 ಡಿಗ್ರಿ ಜಾರಿದರೆ 37. ನೀವು ಬರೆದ ಎರಡೂ ಅಂಕಿ! ಬೆಳಿಗ್ಗೆ ಒಂದು ಡಿಗ್ರಿ, ಮಧ್ಯಾಹ್ನ ಐದು. ಬಿಸಿಲೇರಿದಂತೆ ಲಿಥಿಯಂ ನಿಯೋಬೇಟ್ ಜಾರುತ್ತದೆ. ಬಿಸಿಲಿಲ್ಲದಿದ್ದರೂ ಡಿಸಿ ವೋಲ್ಟೇಜ್ ಇಟ್ಟಲ್ಲೇ ಗಂಟೆಗಟ್ಟಲೆ ನಿಧಾನಕ್ಕೆ ಸರಿಯುತ್ತದೆ. ಅದರ ಜಾತಿಯೇ ಹಾಗೆ.

ಬಯಾಸ್ ಕಂಟ್ರೋಲರ್ ಹಾಕಿ. ಕೆಲವು ಕಿಲೋಹರ್ಟ್ಸ್‌ನ ಒಂದು ಸಣ್ಣ ಟೋನ್ ಬಯಾಸ್ ಮೇಲೆ ಹಾಕಿ, ಔಟ್‌ಪುಟ್ ಬೆಳಕಿನ ಸ್ವಲ್ಪ ಭಾಗ ತೆಗೆದು, ಆ ಟೋನ್‌ನ ಎರಡನೇ ಹಾರ್ಮೋನಿಕ್ ಸೊನ್ನೆಯಾಗುವಂತೆ ಬಯಾಸ್ ತಿದ್ದುತ್ತಿರುತ್ತದೆ. ಟೋನ್ ಆದಷ್ಟು ಸಣ್ಣದಿರಲಿ. ಇಲ್ಲದಿದ್ದರೆ ನಿಮ್ಮ ಸಿಗ್ನಲ್‌ನ ಎರಡೂ ಪಕ್ಕ ಅದೇ ಬಾಲವಾಗಿ ನೇತಾಡುತ್ತದೆ. ಕಳ್ಳನನ್ನು ಹಿಡಿಯಲು ಇಟ್ಟ ನಾಯಿ ರಾತ್ರಿಯಿಡೀ ಬೊಗಳಿದ ಹಾಗೆ.


ಸಹ್ಯಾದ್ರಿಸೈನ್ · ಗುರುವಾರ ಮಧ್ಯಾಹ್ನ

ಇಲ್ಲಿ ಒಂದು ತಿರುವು ಸೇರಿಸುತ್ತೇನೆ. ಕ್ವಾಡ್ರೇಚರ್‌ನಲ್ಲೇ ಇರಬೇಕೆಂದು ದೇವರ ಆಣೆ ಇಲ್ಲ. ನಿಮ್ಮ ಬ್ಯಾಂಡ್ ಒಂದು ಆಕ್ಟೇವ್‌ಗಿಂತ ಕಡಿಮೆ ಇದ್ದರೆ ಬೇಕಂತಲೇ ಕತ್ತಲೆ ಕಡೆಗೆ ಜಾರಿಸಿ.

90 ಡಿಗ್ರಿಯಿಂದ 30ಕ್ಕೆ ತನ್ನಿ. ಸಿಗ್ನಲ್ 6 ಡಿಬಿ ಬೀಳುತ್ತದೆ. ಆದರೆ ಸರಾಸರಿ ಬೆಳಕು 8.7 ಡಿಬಿ ಬೀಳುತ್ತದೆ. ಹಾಗಾಗಿ ಶಾಟ್ ನಾಯ್ಸ್ 8.7, ರಿನ್ 17.5 ಡಿಬಿ ಬೀಳುತ್ತದೆ. ರಿನ್ ಕಾಡುತ್ತಿದ್ದರೆ 11.5 ಡಿಬಿ ಲಾಭ. ಮೂರನೇ ದರ್ಜೆಯ ಇಂಟರ್‌ಸೆಪ್ಟ್ ಇನ್‌ಪುಟ್‌ನಲ್ಲಿ ಇದ್ದಷ್ಟೇ ಇರುತ್ತದೆ. ಎರಡನೇ ದರ್ಜೆ ಮಾತ್ರ ಹುಚ್ಚೆದ್ದು ಬರುತ್ತದೆ. ಬರಲಿ, ಪುಣೆಯವರು ಹೇಳಿದ ಹಾಗೆ ಬ್ಯಾಂಡ್ ಆಚೆ ಬಿದ್ದರೆ ನಮಗೇನು?

ಫೋಟೋಡಯೋಡ್‌ಗೂ ನೆಮ್ಮದಿ. ಜಾಸ್ತಿ ಕರೆಂಟ್ ಹರಿದರೆ ಅದೂ ಡಿಸ್ಟಾರ್ಶನ್ ಶುರು ಮಾಡುತ್ತದೆ. ಆ ಕಾರಣಕ್ಕೇ ಜಪಾನಿನ ಎನ್‌ಟಿಟಿಯವರು 1997ರಲ್ಲಿ ಎಲೆಕ್ಟ್ರಾನ್ ಮಾತ್ರ ಓಡಾಡುವ ಯುಟಿಸಿ ಫೋಟೋಡಯೋಡ್ ತೋರಿಸಿದಾಗ ಈ ಕ್ಷೇತ್ರದವರು ಹಿಗ್ಗಿದ್ದು. ನಿಧಾನಕ್ಕೆ ನಡೆಯುವ ಹೋಲ್‌ಗಳು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳು) ಗುಂಪುಗೂಡಿ ದಾರಿ ಕಟ್ಟುವ ತೊಂದರೆ ಅದರಲ್ಲಿ ತಪ್ಪಿತು.


ನಾರಿನನಂಟು · ಗುರುವಾರ ಸಂಜೆ

ನನ್ನದು 1ರಿಂದ 6 ಗಿಗಾಹರ್ಟ್ಸ್. ಆಕ್ಟೇವ್ ದಾಟಿ ಎಷ್ಟೋ ದೂರ. ಹಾಗಾಗಿ ಕ್ವಾಡ್ರೇಚರ್ ಬಿಡುವಂತಿಲ್ಲ.

ಬ್ಯಾಲೆನ್ಸ್ಡ್ ಡಿಟೆಕ್ಷನ್ ಯೋಚಿಸುತ್ತಿದ್ದೇನೆ. ಎರಡು ಔಟ್‌ಪುಟ್ ಇರುವ ಮಾಡ್ಯುಲೇಟರ್ ಒಂದು ಬೀರುವಿನಲ್ಲಿ ಇದೆ. ಒಂದು ಬಾಯಲ್ಲಿ ಸಿಗ್ನಲ್ ಏರಿದರೆ ಇನ್ನೊಂದರಲ್ಲಿ ಇಳಿಯುತ್ತದೆ. ರಿನ್ ಮಾತ್ರ ಎರಡರಲ್ಲೂ ಒಟ್ಟಿಗೆ ಏರುತ್ತದೆ. ಒಂದರಿಂದ ಒಂದು ಕಳೆದರೆ ರಿನ್ ವಜಾ, ಸಿಗ್ನಲ್ ದುಪ್ಪಟ್ಟು. ಯಾರಾದರೂ ಮಾಡಿದ್ದೀರಾ?


ಸಹ್ಯಾದ್ರಿಸೈನ್ · ಗುರುವಾರ ರಾತ್ರಿ

ಮಾಡಿದ್ದೇನೆ, ಸುಟ್ಟುಕೊಂಡಿದ್ದೇನೆ.

ನನ್ನದು 10 ಗಿಗಾಹರ್ಟ್ಸ್ ಲಿಂಕ್. ಎರಡು ಫೈಬರ್ ಜೋಡಿಸಿದೆ, ಎರಡರಲ್ಲೂ ಬೆಳಕು ಸಮ, ಡಿಸಿ ಕರೆಂಟ್ ಕಳೆದು ಸೊನ್ನೆ. ಖುಷಿಯಾಗಿ ಸಿಗ್ನಲ್ ಹಾಕಿದೆ. ಸಿಗ್ನಲ್ ಇಲ್ಲ! ನಾಯ್ಸ್ ಮಾತ್ರ ಮೊದಲಿಗಿಂತ ಜಾಸ್ತಿ. ಎರಡು ದಿನ ಡಯೋಡ್ ಬೈದೆ, ಕೇಬಲ್ ಬೈದೆ, ಜೂನಿಯರ್ ಬೈದೆ.

ಕೊನೆಗೆ ಸ್ಕೇಲ್ ಇಟ್ಟು ಅಳೆದೆ. ಒಂದು ಕಾರ್ಡ್ ಇನ್ನೊಂದಕ್ಕಿಂತ 1 ಸೆಂಟಿಮೀಟರ್ ಉದ್ದ. ಫೈಬರ್‌ನಲ್ಲಿ 1 ಸೆಂಟಿಮೀಟರ್ ಅಂದರೆ 49 ಪಿಕೋಸೆಕೆಂಡ್. 10 ಗಿಗಾಹರ್ಟ್ಸ್‌ನ ಒಂದು ಸುತ್ತು 100. ಸರಿಯಾಗಿ ಅರ್ಧ ಸುತ್ತು ತಡ. ಅಲ್ಲಿಗೆ ಕಳೆಯಬೇಕಾದದ್ದು ಕೂಡಿತು, ಕೂಡಬೇಕಾದದ್ದು ಕಳೆಯಿತು. ಜೂನಿಯರ್‌ಗೆ ಕಾಫಿ ಕೊಡಿಸಿ ಕ್ಷಮೆ ಕೇಳಿದೆ.

1 ಮಿಲಿಮೀಟರ್ ವ್ಯತ್ಯಾಸ ಇದ್ದರೂ 10 ಗಿಗಾಹರ್ಟ್ಸ್‌ನಲ್ಲಿ ಒಂದು ತೋಳಿನ ರಿನ್‌ಗೆ ಹೋಲಿಸಿದರೆ 10 ಡಿಬಿಯಷ್ಟೇ ಇಳಿಯುತ್ತದೆ. ಸಣ್ಣ ಡಿಲೇ ಲೈನ್ ಒಂದು ಇಟ್ಟುಕೊಳ್ಳಿ, ಅಳತೆ ಸ್ಕೇಲ್‌ನಲ್ಲಿ ಮಾಡಬೇಡಿ. ನಿಮ್ಮ 6 ಗಿಗಾಹರ್ಟ್ಸ್‌ಗೆ ಸ್ವಲ್ಪ ಉಸಿರಾಡಲು ಜಾಗ ಇದೆ, ಅಷ್ಟೇ.

ಆದರೆ ಮೇಡಂ, ಈಗ ನಿಮ್ಮ ಲಿಂಕ್‌ನಲ್ಲಿ ಶಾಟ್ ಮತ್ತು ರಿನ್ ಹೆಚ್ಚೂಕಡಿಮೆ ಸಮ. 10 ಮಿಲಿಆಂಪ್‌ನಲ್ಲಿ ಮೈನಸ್ 165 ರಿನ್ ಅಂದರೆ ಸರಿಯಾಗಿ ಶಾಟ್‌ನಷ್ಟೇ. ರಿನ್ ಪೂರ್ತಿ ಹೋದರೂ 3 ಡಿಬಿಗಿಂತ ಜಾಸ್ತಿ ಇಳಿಯದು. ಅದಕ್ಕಿಂತ ಸಿಗ್ನಲ್ ದುಪ್ಪಟ್ಟಾಗುವುದರಲ್ಲೇ ನಿಮಗೆ ಹೆಚ್ಚು ಲಾಭ.


ಮಲೆನಾಡಮಳೆ · ಶುಕ್ರವಾರ ಬೆಳಿಗ್ಗೆ

ಮೂರನೇ ದರ್ಜೆ ಯಾರೂ ಮುಟ್ಟಲಿಲ್ಲ. ಅದು ಬಯಾಸ್‌ನಿಂದ ಹೋಗುವುದಿಲ್ಲ, ಫಿಲ್ಟರ್‌ಗೂ ಸಿಗುವುದಿಲ್ಲ. 1000 ಮತ್ತು 1010 ಮೆಗಾಹರ್ಟ್ಸ್ ಹಾಕಿದರೆ 990 ಮತ್ತು 1020ರಲ್ಲಿ ಬಂದು ಪಕ್ಕದಲ್ಲೇ ಕೂರುತ್ತದೆ. ಏನು ಮಾಡುತ್ತೀರಿ?


ಹಳೇರಡಾರ್ · ಶುಕ್ರವಾರ ಬೆಳಿಗ್ಗೆ

ದಾರಿಗಳಿವೆ, ಎಲ್ಲಕ್ಕೂ ಸುಂಕ ಇದೆ.

ನನಗೆ ಚೆಂದ ಕಂಡದ್ದು ಎರಡು ಮಾಡ್ಯುಲೇಟರ್ ಉಪಾಯ. ಮೊದಲನೆಯದಕ್ಕೆ ಬೆಳಕು ಒಂದು ಪಾಲು, ಆರ್‌ಎಫ್ ವೋಲ್ಟೇಜ್ ಒಂದು ಪಾಲು. ಎರಡನೆಯದಕ್ಕೆ ವೋಲ್ಟೇಜ್ ಎರಡು ಪಾಲು, ಬೆಳಕು ಎಂಟನೇ ಒಂದು. ಮೂರನೇ ದರ್ಜೆಯ ಕಸ ವೋಲ್ಟೇಜಿನ ಘನದಂತೆ ಬೆಳೆಯುತ್ತದೆ. ಎರಡರ ಘನ ಎಂಟು, ಎಂಟನೇ ಒಂದರಿಂದ ಗುಣಿಸಿದರೆ ಒಂದು. ಎರಡೂ ಕಡೆ ಕಸ ಸಮ. ಎದುರುಬದುರು ಇಳಿಜಾರಿನಲ್ಲಿ ಬಯಾಸ್ ಮಾಡಿದರೆ ಕಸಕ್ಕೆ ಕಸ ವಜಾ. ನಿಜವಾದ ಸಿಗ್ನಲ್‌ಗೆ ಎರಡನೆಯದರಿಂದ ಬರುವುದು ಕಾಲು ಪಾಲು. ಒಂದರಲ್ಲಿ ಕಾಲು ಹೋದರೆ ಮುಕ್ಕಾಲು ಉಳಿಯಿತು. 2.5 ಡಿಬಿ ಕೊಟ್ಟು ಮೂರನೇ ದರ್ಜೆಯನ್ನೇ ಕಳಿಸಿದಂತಾಯಿತು.

ಸುಂಕ ಏನು? ಬೆಳಕಿನ ಪಾಲು ಶೇ. 10 ತಪ್ಪಿದರೆ ಕಸ 20 ಡಿಬಿ ಮಾತ್ರ ಇಳಿಯುತ್ತದೆ. ಎರಡು ಬಯಾಸ್ ಕಾಯಬೇಕು. ಎರಡರ ಬೆಳಕು ಒಂದಕ್ಕೊಂದು ಬೆರೆತು ಕಿತಾಪತಿ ಮಾಡದಂತೆ ಬೇರೆ ಪೋಲರೈಸೇಶನ್‌ನಲ್ಲೋ ಬೇರೆ ಡಯೋಡ್‌ನಲ್ಲೋ ಇಡಬೇಕು. ಒಂದು ಬಯಾಸ್‌ಗೇ ಮಧ್ಯಾಹ್ನ ಭೂತ ಬರುವಾಗ ಎರಡಕ್ಕೆ ಎಷ್ಟು ಭೂತ?

ಇನ್ನೊಂದು ದಾರಿ, ಆಚೆ ತುದಿಯಲ್ಲಿ ಡಿಜಿಟಲ್ ಮಾಡಿ ತಿದ್ದುವುದು. ಕ್ವಾಡ್ರೇಚರ್‌ನಲ್ಲಿ ಮಾಡ್ಯುಲೇಟರ್ ಸೈನ್ ಹಾಕುತ್ತದೆ, ನೀವು ಆರ್ಕ್‌ಸೈನ್ ಹಾಕಿ ಬಿಚ್ಚಿ. ಮಜಾ ಏನೆಂದರೆ ಇಲ್ಲಿ ಗೌಡರ ಎಡಿಸಿಯೇ ಕೈ ಹಿಡಿಯುತ್ತದೆ. ಆದರೆ ದೊಡ್ಡ ಸಿಗ್ನಲ್ ಎಡಿಸಿಯ ಬ್ಯಾಂಡ್ ಆಚೆ ಉಳಿದು ಕಸ ಮಾತ್ರ ಒಳಗೆ ಬಂದರೆ ಆರ್ಕ್‌ಸೈನ್‌ಗೆ ಏನು ಬಿಚ್ಚಬೇಕೆಂದೇ ತಿಳಿಯುವುದಿಲ್ಲ.


ಬಿಟ್‌ಬೈರಿಗೌಡ · ಶುಕ್ರವಾರ ಮಧ್ಯಾಹ್ನ

ಕೊನೆಗೂ ನನ್ನ ಎಡಿಸಿಗೆ ಒಂದು ಮಣೆ ಹಾಕಿದಿರಿ.


ಕಡಲತಡಿ · ಶುಕ್ರವಾರ ರಾತ್ರಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು 20 ಕಿಲೋಮೀಟರ್ ಮಾಮೂಲಿ ಫೈಬರ್, 1550. 5 ಗಿಗಾಹರ್ಟ್ಸ್ ಚೆನ್ನಾಗಿ ಬರುತ್ತದೆ. 13-14ರ ಹತ್ತಿರ ಸಿಗ್ನಲ್ ಸತ್ತೇ ಹೋಗುತ್ತದೆ, ಆಮೇಲೆ 18ರಲ್ಲಿ ಮತ್ತೆ ಎದ್ದು ಬರುತ್ತದೆ. ಬೆಳಕಿನ ಪವರ್ ಏರಿಸಿದರೆ ನಾಯ್ಸ್ ಏರುತ್ತದೆಯೇ ಹೊರತು ಸಿಗ್ನಲ್ ಬರುವುದಿಲ್ಲ.


ಸಹ್ಯಾದ್ರಿಸೈನ್ · ಶನಿವಾರ ಬೆಳಿಗ್ಗೆ

ಎರಡು ಬೇರೆ ಬೇರೆ ರೋಗ.

ಸತ್ತದ್ದು ಡಿಸ್ಪರ್ಶನ್‌ನಿಂದ. ಸಿಗ್ನಲ್ ಹತ್ತಿಸಿದಾಗ ಬೆಳಕಿನ ಆವರ್ತನದ ಎರಡೂ ಪಕ್ಕ ಹುಟ್ಟುವ ಮೇಲಿನ ಸೈಡ್‌ಬ್ಯಾಂಡ್, ಕೆಳಗಿನ ಸೈಡ್‌ಬ್ಯಾಂಡ್ ಬೇರೆ ಬೇರೆ ವೇಗದಲ್ಲಿ ಬಂದು ಡಯೋಡ್‌ನಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ನ್ಯಾನೋಮೀಟರಿಗೆ, ಕಿಲೋಮೀಟರಿಗೆ 17 ಪಿಕೋಸೆಕೆಂಡ್ ಡಿಸ್ಪರ್ಶನ್, 20 ಕಿಲೋಮೀಟರ್ ಹಾಕಿದರೆ ಮೊದಲ ಗುಂಡಿ 13.5 ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ. ಒಂದು ಸೈಡ್‌ಬ್ಯಾಂಡ್ ಮಾತ್ರ ಕಳಿಸಿ, ಇಲ್ಲವೇ ಡಿಸ್ಪರ್ಶನ್ ತಿದ್ದುವ ಫೈಬರ್ ಹಾಕಿ.

ಪವರ್ ಏರಿಸಿದಾಗ ಬರುವ ನಾಯ್ಸ್ ಬ್ರಿಲ್ವಾ ಚದುರುವಿಕೆ (ಎಸ್‌ಬಿಎಸ್) ಇರಬಹುದು. ಉದ್ದ ಫೈಬರ್, ಸಣ್ಣ ಲೈನ್‌ವಿಡ್ತ್ ಇದ್ದರೆ ಕೆಲವೇ ಮಿಲಿವ್ಯಾಟ್‌ಗೆ ಬೆಳಕು ಹಿಂದಕ್ಕೆ ತಿರುಗಲು ಶುರು. ಸರ್ಕ್ಯುಲೇಟರ್ ಹಾಕಿ ವಾಪಸ್ ಬರುವ ಬೆಳಕು ನೋಡಿ. ಸುಮಾರು 11 ಗಿಗಾಹರ್ಟ್ಸ್ ಕೆಳಗೆ ಸರಿದು ಬರುತ್ತಿದ್ದರೆ ಅದೇ.


ಕೇಬಲ್‌ಅಣ್ಣ_ದಾವಣಗೆರೆ · ಶನಿವಾರ ಬೆಳಿಗ್ಗೆ

ಓ ಇದಾ! ನಮ್ಮ 1550 ಟ್ರಾನ್ಸ್‌ಮಿಟರ್‌ನಲ್ಲಿ ಎಸ್‌ಬಿಎಸ್ ಅಂತ ಒಂದು ಸೆಟ್ಟಿಂಗ್ ಇರುತ್ತಿತ್ತು. ದೂರದ ಊರಿಗೆ ಜಾಸ್ತಿ ಪವರ್ ಕಳಿಸುವಾಗ ಅದನ್ನು ಮುಟ್ಟಬೇಡ ಅಂತ ಹಾಕಿಕೊಟ್ಟವರು ಹೇಳಿ ಹೋಗಿದ್ದರು. ಯಾಕೆ ಅಂತ ಇವತ್ತು ಗೊತ್ತಾಯಿತು.


ನಾರಿನನಂಟು · ಮುಂದಿನ ಬುಧವಾರ ಸಂಜೆ

ವರದಿ ಒಪ್ಪಿಸುತ್ತಿದ್ದೇನೆ. ಬಯಾಸ್ ಕಂಟ್ರೋಲರ್ ಬಂತು. ಪಕ್ಕದ ಲ್ಯಾಬ್‌ನವರದ್ದು, ಎರವಲು. ಟೋನ್ ಎಷ್ಟು ಸಣ್ಣದಾಗುತ್ತದೋ ಅಷ್ಟಕ್ಕೆ ಇಳಿಸಿದೆ. ಮಧ್ಯಾಹ್ನ ಮೂರು ಗಂಟೆಗೆ ಎರಡನೇ ಹಾರ್ಮೋನಿಕ್ 58 ಡಿಬಿ ಕೆಳಗೆ. ಬೇಕಂತಲೇ ಎಸಿ ಆರಿಸಿ ಒಂದು ಗಂಟೆ ಬೆವರುತ್ತಾ ಕೂತೆ. ಅಲ್ಲಾಡಲಿಲ್ಲ.

ಎಸ್‌ಎಫ್‌ಡಿಆರ್ 111. (ಮಲೆನಾಡಮಳೆ ಅವರೇ, ಹೌದು, 1 ಹರ್ಟ್ಸ್‌ಗೆ. ಪ್ರಬಂಧದಲ್ಲಿ 10 ಮೆಗಾಹರ್ಟ್ಸ್ ಅಂಕಿಯನ್ನೂ ಅದೇ ಸಾಲಿನಲ್ಲಿ ಹಾಕುತ್ತೇನೆ.)

ಮುಂದಿನ ವಾರ ಬ್ಯಾಲೆನ್ಸ್ಡ್ ಡಿಟೆಕ್ಟರ್. ಡಿಲೇ ಲೈನ್ ಹುಡುಕುತ್ತಿದ್ದೇನೆ.


ಕೇಬಲ್‌ಅಣ್ಣ_ದಾವಣಗೆರೆ · ಬುಧವಾರ ರಾತ್ರಿ

ಬಿಚ್ಚಿಟ್ಟ ಕನೆಕ್ಟರ್‌ಗಳಿಗೆಲ್ಲ ಟೋಪಿ ಹಾಕಿದ್ದೀರಾ ತಂಗಿ?


ನಾರಿನನಂಟು · ಬುಧವಾರ ರಾತ್ರಿ

ಒಂದು ಕಳೆದುಹೋಗಿದೆ ಅಣ್ಣಾ. ನಾಳೆ ಬೆಳಿಗ್ಗೆ ಮೇಜಿನ ಕೆಳಗೆ ಹುಡುಕುತ್ತೇನೆ.